ಮೊದಲು ಯಾವುದನ್ನು ನೋಡುವುದು?

ನಮ್ಮ ಕಡೆ 'ಊರು ನೋಡಲು ಹೋಗುವುದು' ಎಂಬ ಮಾತೇ ಇರಲಿಲ್ಲ. ಹೆಣ್ಣು ನೋಡಲು ಹೋಗುತ್ತಿದ್ದರು, ದನ ನೋಡಲು ಹೋಗುತ್ತಿದ್ದರು, ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುತ್ತಿದ್ದರು. ಪರಊರಿಗೆ ಕಾಲಿಡಬೇಕಾದರೆ ಅಲ್ಲಿ ಮದುವೆಯೋ ಮಯ್ಯತ್ತೋ ಸಂತೆಯೋ ಜಾತ್ರೆಯೋ ಉರುಸೋ ಇರಬೇಕಿತ್ತು. ಹರಕೆ ತೀರಿಸಲು ಹೋದವರು ಹಾಗೆಯೇ ಅಲ್ಲಿನ ಅರಮನೆಯನ್ನೋ ಕೋಟೆಯನ್ನೋ ನೋಡಿ ಬರುತ್ತಿದ್ದರು. ಸಂತೆಯಲ್ಲಿ ಸೇರು ಅಳೆದ ಮೇಲೆ ಹಾಕುವ ಕೊಸರಿನ ಹಾಗೆ ಅದು.

ಎನ್. ಬೇಗೂರು ಹೆಗ್ಗಡದೇವನಕೋಟೆ ಸೀಮೆಯ, ಬಂಡೀಪುರದ ಕಾಡಿನ ಅಂಚಿನ ಊರು. ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೆ ನಮ್ಮೂರಿನ ಹೆಸರೇ ಇದೆ. 1974ರಲ್ಲಿ ಕಬಿನಿ ಅಣೆಕಟ್ಟೆ ಮುಗಿದ ಮೇಲೆ ಈ ಭಾಗದ ಅನೇಕ ಹಳ್ಳಿಗಳು ನೀರಿನಡಿಗೆ ಹೋದವು. ಈಗ ಆ ಹಿನ್ನೀರಿನ ದಡಕ್ಕೆ ಆನೆ ಹುಲಿ ನೋಡಲು ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಅವರು ರೆಸಾರ್ಟಿನಲ್ಲಿ ಒಂದು ರಾತ್ರಿಗೆ ತೆರುವ ಹಣದಲ್ಲಿ ನಮ್ಮಲ್ಲೊಂದು ಸಂಸಾರ ತಿಂಗಳು ತಳ್ಳುತ್ತದೆ. ಹೀಗೆ ನೋಡಲು ಬರುವವರ ನಡುವೆ ಬದುಕುವ ನಾವು, ಹರಕೆ ಇಲ್ಲದೆ, ಮದುವೆ ಇಲ್ಲದೆ, ಒಂದು ಊರನ್ನು ಅದು ಇರುವ ಹಾಗೆ ನೋಡಿ ಬರಲು ಹೊರಟದ್ದು ಇದೇ ಮೊದಲು. ಹೊರಡುವುದಕ್ಕೆ ಮುಂಚೆಯೇ ಮನೆಯಲ್ಲೂ ಪಕ್ಕದ ಮನೆಯಲ್ಲೂ ಎಷ್ಟು ಮಾತಾಯಿತೆಂದರೆ, ಅದನ್ನಾದರೂ ಬರೆದಿಡೋಣ ಎನಿಸಿತು.

ಇದಕ್ಕೆಲ್ಲ ಕಿಡಿ ಹಚ್ಚಿದವನು ನಮ್ಮ ಅಕ್ಕನ ಮಗ. ನರ್ಸಿಂಗ್ ಓದಿ, ಇಂಗ್ಲಿಷಿನ ಪರೀಕ್ಷೆ ಪಾಸು ಮಾಡಿ, ಐರ್ಲೆಂಡಿನ ಡಬ್ಲಿನ್ ನಗರದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾನೆ. 'ಮಾಮು, ನಾನಿಯನ್ನು ಕರಕೊಂಡು ಬನ್ನಿ, ಮೂರೇ ದಿನ ಸಾಕು, ಊರೆಲ್ಲ ತೋರಿಸ್ತೀನಿ' ಎಂದು ಪಟ್ಟಿಯನ್ನೂ ಕಳಿಸಿದ. ಮೊದಲ ದಿನ ಟ್ರಿನಿಟಿ ಕಾಲೇಜಿನ ಗ್ರಂಥಾಲಯ. ಅಲ್ಲಿ ಸಾವಿರದಿನ್ನೂರು ವರ್ಷದ ಹಿಂದೆ ಕರುವಿನ ಚರ್ಮದ ಹಾಳೆಯ ಮೇಲೆ ಬಣ್ಣಬಣ್ಣದಲ್ಲಿ ಬರೆದ 'ಬುಕ್ ಆಫ್ ಕೆಲ್ಸ್' ಎಂಬ ಬೈಬಲ್ ಪ್ರತಿ ಇದೆ. ಅದೇ ದಿನ ಡಬ್ಲಿನ್ ಕೋಟೆಯ ಆವರಣದ ಚೆಸ್ಟರ್ ಬೀಟಿ ವಸ್ತುಸಂಗ್ರಹಾಲಯ. ಎರಡನೆಯ ದಿನ ಕಿಲ್ಮೇನ್‌ಹ್ಯಾಮ್ ಜೈಲು, 1916ರ ದಂಗೆಯ ನಾಯಕರನ್ನು ಬ್ರಿಟಿಷರು ಗುಂಡಿಟ್ಟು ಕೊಂದ ಜಾಗ. ಮೂರನೆಯ ದಿನ ಫೀನಿಕ್ಸ್ ಪಾರ್ಕ್.

ಅಮ್ಮನಿಗೆ ಇವುಗಳಲ್ಲಿ ಒಂದೇ ಒಂದು ಹಿಡಿಸಿತು. ಚೆಸ್ಟರ್ ಬೀಟಿಯಲ್ಲಿ ಒಂದು ಖುರ್‌ಆನ್ ಇದೆ. ಹಿಜರಿ 391ರಲ್ಲಿ, ಅಂದರೆ ಕ್ರಿಸ್ತಶಕ ಸಾವಿರದ ಆಸುಪಾಸಿನಲ್ಲಿ, ಬಗ್ದಾದಿನಲ್ಲಿ ಇಬ್ನ್ ಅಲ್ ಬವ್ವಾಬ್ ಎಂಬ ಹೆಸರಾಂತ ಲಿಪಿಕಾರ ತನ್ನ ಕೈಯಿಂದ ಬರೆದದ್ದು. ಅಮ್ಮ ಓದಲು ಕಲಿತದ್ದು ಅರಬ್ಬಿ ಅಕ್ಷರ ಮತ್ತು ಉರ್ದು ಮಾತ್ರ. 'ಬಗ್ದಾದಿನದು ಅಲ್ಲಿಗೆ ಹೆಂಗೆ ಹೋಯ್ತು?' ಎಂದು ಕೇಳಿದರು. ಗಣಿ ಉದ್ಯಮದಲ್ಲಿ ದುಡ್ಡು ಮಾಡಿದ ಅಮೆರಿಕದ ಒಬ್ಬ ಸಾಹುಕಾರ ಹಳೆಯ ಪುಸ್ತಕಗಳನ್ನು ಕೊಂಡು ಕೊಂಡು ಕೂಡಿಹಾಕಿ, ಕೊನೆಗೆ ಆ ಊರಿಗೇ ಬಿಟ್ಟುಹೋದ ಎಂದು ಮೊಮ್ಮಗ ವಿವರಿಸಿದ. ಒಳಗೆ ಹೋಗಲು ಟಿಕೆಟ್ಟೂ ಇಲ್ಲವಂತೆ. 'ಕೊಂಡಿದ್ದಾದ್ರೆ ಸರಿ' ಎಂದರು ಅಮ್ಮ.

ಮೂರು ದಿನದ ಆ ಯೋಜನೆ ನಮ್ಮಲ್ಲಿ ಒಂದು ಸಂಜೆ ಬದುಕಿತ್ತು. ಪಾಸ್‌ಪೋರ್ಟು, ವೀಸಾ, ವಿಮಾನದ ಟಿಕೆಟ್ಟು, ಅಮ್ಮನ ಮಂಡಿನೋವು ಎಂದು ಕೂಡುತ್ತಾ ಹೋದಾಗ ಲೆಕ್ಕ ಲಕ್ಷಗಳಿಗೆ ಏರಿತು. ಕಾಗದವನ್ನು ಮಡಚಿಟ್ಟೆವು. ಆದರೆ ಮುಂದಿನ ಭಾನುವಾರ ಹುಡುಗ ಫೀನಿಕ್ಸ್ ಪಾರ್ಕಿಗೆ ಹೋಗಿ ಅಲ್ಲಿಂದಲೇ ವಿಡಿಯೋ ಕರೆ ಮಾಡಿದ. ಹುಲ್ಲಿನ ಬಯಲಿನಲ್ಲಿ ಕಲ್ಲಿನ ಒಂದು ಕಂಬ, ಎತ್ತರ 62 ಮೀಟರ್. 1817ರಲ್ಲಿ ಅಡಿಗಲ್ಲು ಹಾಕಿ 1861ರಲ್ಲಿ ಮುಗಿಸಿದ್ದು. ಬುಡದ ನಾಲ್ಕು ಬದಿಗೂ ಕಂಚಿನ ಫಲಕಗಳು. ವಾಟರ್‌ಲೂ ಯುದ್ಧದಲ್ಲಿ ವಶಪಡಿಸಿಕೊಂಡ ಫಿರಂಗಿಗಳನ್ನು ಕರಗಿಸಿ ಎರಕ ಹೊಯ್ದವು. ಅವುಗಳಲ್ಲಿ ಒಂದು ಹಿಂದೂಸ್ತಾನದ ಯುದ್ಧಗಳದ್ದು. 'ಮಾಮು, ಶ್ರೀರಂಗಪಟ್ಟಣ ಬಿದ್ದ ಮೇಲೆ ಅದನ್ನ ಆಳಿದ ವೆಲ್ಲೆಸ್ಲಿ ಈ ಊರಲ್ಲೇ ಹುಟ್ಟಿದ್ದು' ಎಂದ.

ನಿಜ. ಆರ್ಥರ್ ವೆಲ್ಲೆಸ್ಲಿ ಡಬ್ಲಿನ್ನಿನಲ್ಲಿ 1769ರಲ್ಲಿ ಹುಟ್ಟಿದವನು. ಅವನ ಅಣ್ಣ ರಿಚರ್ಡ್ ಕಂಪನಿಯ ಗವರ್ನರ್ ಜನರಲ್. 1799ರ ಮುತ್ತಿಗೆಯಲ್ಲಿ ತಮ್ಮ ಒಬ್ಬ ಕರ್ನಲ್. ಆ ಏಪ್ರಿಲ್‌ನಲ್ಲಿ ಕೋಟೆಯ ಹೊರಗಿನ ಸುಲ್ತಾನ್‌ಪೇಟೆಯ ತೋಪಿನ ಮೇಲೆ ಅವನು ಮಾಡಿದ ರಾತ್ರಿ ದಾಳಿ ಮುರಿದುಬಿತ್ತು. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ, ರಾತ್ರಿಯಿಡೀ ಲೂಟಿ ನಡೆಯಿತು. ಮಾರನೆಯ ದಿನ ಊರಿನ ಆಡಳಿತ ವೆಲ್ಲೆಸ್ಲಿಯ ಕೈಗೆ ಬಂತು. ಲೂಟಿ ನಿಲ್ಲಿಸಲು ತನ್ನ ಕಡೆಯ ಕೆಲವು ಸಿಪಾಯಿಗಳನ್ನೇ ಅವನು ಗಲ್ಲಿಗೇರಿಸಿದ. ಮುಂದೆ ಇದೇ ಮನುಷ್ಯ ನೆಪೋಲಿಯನ್ನನನ್ನು ಸೋಲಿಸಿ ವೆಲಿಂಗ್ಟನ್ನಿನ ಡ್ಯೂಕ್ ಆದ, ಇಂಗ್ಲೆಂಡಿನ ಪ್ರಧಾನಿಯೂ ಆದ. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಮೇಲೆ ದಿವಾನ್ ಪೂರ್ಣಯ್ಯ 1804ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆಗೆ ಅಣ್ಣ ವೆಲ್ಲೆಸ್ಲಿಯ ಹೆಸರು. ಅದು ಈಗಲೂ ನಿಂತಿದೆ.

'ಅವನು ಹುಟ್ಟಿದ ಊರು ಅಲ್ಲಿರಲಿ, ಅವನು ಗೆದ್ದ ಊರಿಗೆ ಬಸ್ಸಿನಲ್ಲಿ ಹೋಗಬಹುದಲ್ಲ' ಎಂದವಳು ನಮ್ಮ ಮಗಳು. ಯೋಜನೆ ಹೀಗೆ ಡಬ್ಲಿನ್ನಿನಿಂದ ಶ್ರೀರಂಗಪಟ್ಟಣಕ್ಕೆ, ಮೂರು ದಿನದಿಂದ ಒಂದು ದಿನಕ್ಕೆ ಇಳಿಯಿತು.

ಶ್ರೀರಂಗಪಟ್ಟಣ ನಮ್ಮ ಮನೆಯವರಿಗೆ ಹೊಸದಲ್ಲ. ಜುಲ್‌ಖಾದಾ ತಿಂಗಳ ಉರುಸಿಗೆ ಅಬ್ಬಾ ಇದ್ದಾಗ ಹೋಗುತ್ತಿದ್ದರು. ಗುಂಬಜಿಗೆ ಹೋಗಿ, ಫಾತಿಹಾ ಓದಿ, ಖರ್ಜೂರ ಕೊಂಡು, ವಾಪಸ್ಸು. ಪಕ್ಕದ ಮನೆಯವರೂ ಹೋಗುತ್ತಿದ್ದರು. ರಂಗನಾಥನ ದರ್ಶನ ಮಾಡಿ, ಗಂಜಾಮಿನ ನಿಮಿಷಾಂಬೆಗೆ ಕೈಮುಗಿದು, ಸಂಗಮದಲ್ಲಿ ಮುಳುಗೆದ್ದು, ವಾಪಸ್ಸು. ಒಂದೇ ದ್ವೀಪದಲ್ಲಿ ಎರಡು ಊರುಗಳಿದ್ದ ಹಾಗೆ. ಎರಡೂ ಮನೆಯವರು ಕೂಡಿ ಹೋಗುತ್ತಿದ್ದದ್ದು ನಂಜನಗೂಡಿನ ಜಾತ್ರೆಗೆ, ಮತ್ತು ಹಿನ್ನೀರಿನ ದಂಡೆಯ ಭೀಮನಕೊಲ್ಲಿ ಮಾದೇಶ್ವರನ ಜಾತ್ರೆಗೆ. ನಂಜನಗೂಡಿನಲ್ಲಿ ಟಿಪ್ಪು ಕೊಟ್ಟ ಪಚ್ಚೆಲಿಂಗ ಇದೆ. ಆನೆಯ ಕಣ್ಣು ವಾಸಿಮಾಡಿದ ನಂಜುಂಡನಿಗೆ ಸುಲ್ತಾನ 'ಹಕೀಮ್ ನಂಜುಂಡ' ಎಂದು ಹೆಸರಿಟ್ಟ ಕತೆಯನ್ನು ಅಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ಪಕ್ಕದ ಮನೆಯ ಅಕ್ಕ ಆ ಕತೆಯನ್ನು ನಮ್ಮ ಮಕ್ಕಳಿಗೆ ನಮಗಿಂತ ಚೆನ್ನಾಗಿ ಹೇಳಿದ್ದಾಳೆ.

ಆದರೆ ಈ ಸಲ ಅವರನ್ನು ಕರೆಯುವುದು ಹೇಗೆ ಎಂದು ನಾಲ್ಕು ದಿನ ಯೋಚಿಸಬೇಕಾಯಿತು. ನಮ್ಮ ಮಗನೂ ಅವರ ಮಗನೂ ಎಂಟನೇ ತರಗತಿ, ಒಂದೇ ಶಾಲೆ. ಒಂದೇ ಸೈಕಲ್ಲಿನಲ್ಲಿ ಸರದಿಯ ಮೇಲೆ ತುಳಿದುಕೊಂಡು ಹೋಗುತ್ತಿದ್ದವರು ಎರಡು ವಾರದಿಂದ ಬೇರೆ ಬೇರೆ ಹೋಗುತ್ತಿದ್ದರು. ಕೇಳಿದರೆ ಇಬ್ಬರೂ ಬಾಯಿ ಬಿಡಲಿಲ್ಲ. ಆಮೇಲೆ ತಿಳಿಯಿತು, ಯಾರದೋ ಫೋನಿನ ಸ್ಟೇಟಸ್ಸಿನಲ್ಲಿ ಟಿಪ್ಪುವಿನ ಬಗ್ಗೆ ಏನೋ ಬಂದಿತ್ತು. ಒಬ್ಬ 'ನಿಮ್ಮ ಟಿಪ್ಪು' ಎಂದಿದ್ದ. ಇನ್ನೊಬ್ಬ 'ನಿಮ್ಮೋರು' ಎಂದಿದ್ದ. ಹೊಡೆದಾಟವೇನೂ ಆಗಿರಲಿಲ್ಲ. ನಮ್ಮವನು ರಾತ್ರಿ ಊಟಕ್ಕೆ ಕುಳಿತಾಗ ಮಾತ್ರ, ತಟ್ಟೆಯಿಂದ ತಲೆ ಎತ್ತದೆ, 'ಅಬ್ಬಾ, ಟಿಪ್ಪು ನಮ್ಮೋರಾ?' ಎಂದು ಕೇಳಿದ.

ಕತೆ ಬರೆಯುವ ನಮ್ಮಂಥವರಿಗೂ ಆ ಪ್ರಶ್ನೆಗೆ ಒಂದು ಸಾಲಿನ ಉತ್ತರ ಸಿಗುವುದಿಲ್ಲ. ನಾವು ಮೊದಲು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ ಓದಿದವರು. ಉರ್ದು ಪಾಠದಲ್ಲಿ ಅವನು ಶಹೀದ್. ಕನ್ನಡ ಪಾಠದಲ್ಲಿ ಮೈಸೂರಿನ ಹುಲಿ. ಎರಡು ಪುಸ್ತಕಗಳಲ್ಲಿದ್ದ ಎರಡು ಟಿಪ್ಪುಗಳು ನಮ್ಮ ಚೀಲದಲ್ಲಿ ಜಗಳವಾಡದೆ ಇದ್ದರು. ಈಗ ಮಕ್ಕಳ ಫೋನುಗಳಲ್ಲಿ ಮೂರನೆಯವನೊಬ್ಬ ಇದ್ದಾನೆ. ಅವನ ಜೊತೆ ಮೊದಲಿನ ಇಬ್ಬರೂ ಕೂರಲಾರರು. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಆರಂಭಿಸಿತು, ಆ ವರ್ಷ ಮಡಿಕೇರಿಯಲ್ಲಿ ಜೀವಹಾನಿಯಾಯಿತು. 2019ರಲ್ಲಿ ಬಂದ ಇನ್ನೊಂದು ಸರ್ಕಾರ ಜಯಂತಿಯನ್ನು ನಿಲ್ಲಿಸಿತು. 2022ರಲ್ಲಿ ಮೈಸೂರು ಬೆಂಗಳೂರು ನಡುವಿನ ಟಿಪ್ಪು ಎಕ್ಸ್‌ಪ್ರೆಸ್ ರೈಲು ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ದೊಡ್ಡವರು ಇಷ್ಟು ಸಲ ಹಲಗೆ ಬದಲಿಸಿದ ಮೇಲೆ ಹದಿಮೂರರ ಹುಡುಗರು ಮಾತು ಬಿಡುವುದರಲ್ಲಿ ಆಶ್ಚರ್ಯವೇನಿದೆ?

ನಾವು ನಾಲ್ಕು ದಿನ ಯೋಚಿಸಿದ್ದನ್ನು ನಮ್ಮ ಮನೆಯಾಕೆ ನಾಲ್ಕು ನಿಮಿಷದಲ್ಲಿ ಮುಗಿಸಿದಳು. ಹತ್ತಿ ಬಿಡಿಸುವಾಗ ಸಾಲಿನ ಆ ಕಡೆಯಿದ್ದ ಅಕ್ಕನಿಗೆ, 'ಪಟ್ಣಕ್ಕೆ ಹೋಗ್ತಿದ್ದೀವಿ, ಬರ್ತೀಯೇನಕ್ಕ?' ಎಂದು ಕೇಳಿಬಿಟ್ಟಳು. ಅಕ್ಕ ಸೆರಗಿನ ಮಡಿಲಿಗೆ ಹತ್ತಿ ತುಂಬುತ್ತಲೇ, 'ರಂಗನಾಥನ್ನ ಮೊದ್ಲು ನೋಡ್ಬೇಕು ಮತ್ತೆ' ಎಂದಳಂತೆ. ಸಂಜೆ ಅವಳ ಗಂಡ ಬಂದು ಜಗಲಿಯ ಮೇಲೆ ಕೂತ. ಟ್ರ್ಯಾಕ್ಟರ್ ಓಡಿಸುವ ಮನುಷ್ಯ, ಮಾತು ಕಡಿಮೆ. 'ಅಲ್ಲಿ ಗಲಾಟೆ ಗಿಲಾಟೆ ಇರಲ್ವ ಸಾಬ್ರೆ?' ಎಂದ. ಕೋಟೆಯೊಳಗಿನ ಜಾಮಿಯಾ ಮಸೀದಿಯ ಬಗ್ಗೆ ವಿವಾದ ಎದ್ದು 2022ರ ಜೂನ್‌ನಲ್ಲಿ ಪಟ್ಟಣದಲ್ಲಿ ನಿಷೇಧಾಜ್ಞೆ ಹಾಕಿದ್ದನ್ನು ಅವನು ಟಿವಿಯಲ್ಲಿ ನೋಡಿದ್ದ. 'ಅಲ್ಲೂ ಜನ ಸಂಸಾರ ಮಾಡ್ತಾರೆ ಕಣಣ್ಣ, ಸಂತೆ ನಡೆಯುತ್ತೆ, ಮಕ್ಕಳು ಸ್ಕೂಲಿಗೆ ಹೋಗ್ತಾರೆ' ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹುಡುಗ್ರಿಗೋಸ್ಕರ ಹೋಗಿ ಬರಣ' ಎಂದ. ಸೈಕಲ್ಲಿನ ವಿಷಯ ಅವನಿಗೂ ಗೊತ್ತಿತ್ತು.

ಇನ್ನು ಪಟ್ಟಿ. ಎಂಟು ಜನ, ಒಂದು ದಿನ. ಪಟ್ಟಿ ಬರೆಯಲು ಕೂತಾಗಲೇ ತಿಳಿದದ್ದು, ಯಾರು ಯಾವುದನ್ನು ಮೊದಲು ಹೇಳುತ್ತಾರೋ ಅದು ಅವರ ಮಟ್ಟಿಗೆ ಆ ಊರು.

ಅಮ್ಮನದು ಗುಂಬಜ್. ಹೈದರ್ 1782ರಲ್ಲಿ ತೀರಿಕೊಂಡ ಮೇಲೆ ಟಿಪ್ಪು ಕಟ್ಟಿಸಿದ್ದು. ನಯವಾಗಿ ಹೊಳೆಯುವ ಕಪ್ಪು ಕಲ್ಲಿನ ಕಂಬಗಳು, ಒಳಗೆ ತಂದೆ, ತಾಯಿ, ಮಗ ಮೂವರ ಗೋರಿ. ಮಗಳದು ದರಿಯಾ ದೌಲತ್. 1784ರಲ್ಲಿ ತೋಟದ ನಡುವೆ ಕಟ್ಟಿದ ಬೇಸಿಗೆ ಅರಮನೆಯ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಹೈದರ್ ಮತ್ತು ಟಿಪ್ಪು ಇಂಗ್ಲಿಷರ ಪಡೆಯನ್ನು ನುಚ್ಚುನೂರು ಮಾಡಿದ ಯುದ್ಧ ಅದು. ಗಾಯಗೊಂಡ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಅವಳಿಗೆ ಕುತೂಹಲವಾದ ಸಂಗತಿ ಬೇರೆ. 1799ರ ಮುತ್ತಿಗೆಗೆ ಮೊದಲೇ ಮಾಸಿಹೋಗಿದ್ದ ಆ ಚಿತ್ರವನ್ನು ಮತ್ತೆ ಬರೆಸಿದವನು, ಅದೇ ಅರಮನೆಯಲ್ಲಿ ಬಿಡಾರ ಮಾಡಿದ್ದ ವೆಲ್ಲೆಸ್ಲಿ. ಅದು ಮತ್ತೆ ಅಳಿಸಿದಾಗ 1855ರಲ್ಲಿ ಬರೆಸಿದವನು ಡಾಲ್‌ಹೌಸಿ. 'ತಮ್ಮೋರು ಸೋತ ಚಿತ್ರಾನ ತಾವೇ ಯಾಕೆ ಬರೆಸಿದ್ರು?' ಎಂದು ಕೇಳಿದಳು. ಗೆದ್ದವನಿಗೆ ಹಳೆಯ ಸೋಲು ಅಲಂಕಾರವಾಗಿ ಕಾಣುತ್ತದೆ ಎಂದು ನಮಗನ್ನಿಸಿತು. ಅವಳು ಒಪ್ಪಲಿಲ್ಲ. 'ನೋಡಿದ ಮೇಲೆ ಹೇಳ್ತೀನಿ' ಎಂದಳು.

ಅಕ್ಕನದು ರಂಗನಾಥ ಮತ್ತು ನಿಮಿಷಾಂಬೆ. ರಂಗನಾಥನ ಗುಡಿ 894ರಷ್ಟು ಹಳೆಯದು, ಗಂಗರ ಕಾಲದ್ದು. ಟಿಪ್ಪುವಿನ ಅರಮನೆ ಲಾಲ್ ಮಹಲ್ ಇದ್ದದ್ದು ಆ ಗುಡಿಯ ಹತ್ತಿರವೇ. ಗುಡಿ ಉಳಿದಿದೆ, ಅರಮನೆಯ ತಳಪಾಯವಷ್ಟೇ ಉಳಿದಿದೆ. ಅದರ ಮರಮುಟ್ಟು ಊಟಿಗೆ ಹೋಗಿ ಅಲ್ಲಿನ ಸೇಂಟ್ ಸ್ಟೀಫನ್ಸ್ ಚರ್ಚಿನಲ್ಲಿ ಸೇರಿದೆ. ಅಣ್ಣನದು ಮದ್ದಿನ ಮನೆ. ರೈಲು ಮಾರ್ಗವನ್ನು ಜೋಡಿ ಮಾಡಲು ಅಡ್ಡವಾಗಿದ್ದ ಟಿಪ್ಪುವಿನ ಶಸ್ತ್ರಾಗಾರವನ್ನು 2017ರಲ್ಲಿ ಒಡೆಯದೆ, ಬುಡಸಮೇತ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು. ತೂಕ ಸುಮಾರು ಸಾವಿರ ಟನ್. 'ಅದನ್ನ ಹೆಂಗೆ ಎಳೆದ್ರು ಅಂತ ನೋಡ್ಬೇಕು' ಎಂದು ಟ್ರ್ಯಾಕ್ಟರಿನ ಮನುಷ್ಯ ಕಣ್ಣರಳಿಸಿದ. ಹುಡುಗರಿಬ್ಬರೂ ಬೇರೆ ಬೇರೆಯಾಗಿ ಹೇಳಿದ್ದು ಮಾತ್ರ ಒಂದೇ: ಬೇಲಿಯ ಸೆರೆಮನೆ ಮತ್ತು ರಾಕೆಟ್. ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಹಳೆಯ ರಾಕೆಟ್ಟುಗಳು ಸಿಕ್ಕ ಸುದ್ದಿಯನ್ನು ಇಬ್ಬರೂ ಓದಿದ್ದರು. ನಮ್ಮ ಮನೆಯಾಕೆಯನ್ನು ಕೇಳಿದರೆ, 'ನಂಗೆ ಒಂದು ಮರದ ನೆರಳು, ಹೊಳೆ ಕಾಣಬೇಕು, ಯಾರೂ ಚಾ ಕೇಳಬಾರದು' ಎಂದಳು.

ನಾವು ಬಯಸಿದ್ದು ಅಲ್ಲಿ ಈಗ ಇಲ್ಲದ ವಸ್ತು. ಟಿಪ್ಪುವಿನ ಗ್ರಂಥಾಲಯದಲ್ಲಿ ಎರಡು ಸಾವಿರದಷ್ಟು ಹಸ್ತಪ್ರತಿಗಳಿದ್ದವು. ಕೋಟೆ ಬಿದ್ದ ಮೇಲೆ ಅವು ಕಲ್ಕತ್ತೆಗೂ ಲಂಡನ್ನಿಗೂ ಹೋದವು. ಚಾರ್ಲ್ಸ್ ಸ್ಟೂವರ್ಟ್ ಎಂಬುವನು ಅವುಗಳ ಪಟ್ಟಿ ಮಾಡಿ 1809ರಲ್ಲಿ ಅಚ್ಚು ಹಾಕಿಸಿದ. ಇಂಗ್ಲಿಷ್ ಸಿಪಾಯಿಯ ಮೇಲೆ ಎರಗಿದ ಮರದ ಹುಲಿಯೂ ಲಂಡನ್ನಿನಲ್ಲೇ ಇದೆ. ಅಮ್ಮನಿಗೆ ಇದನ್ನು ಹೇಳಿದೆವು. 'ಇದನ್ನೂ ಕೊಂಡ್ರಾ?' ಎಂದು ಕೇಳಿದರು. ಇಲ್ಲ ಎಂದೆವು. ಅವರು ಮತ್ತೇನೂ ಕೇಳಲಿಲ್ಲ.

ಈಗ ಮುಖ್ಯ ಪ್ರಶ್ನೆ: ಮೊದಲು ಯಾವುದು? ಅಕ್ಕ ರಂಗನಾಥ ಮೊದಲು ಎಂದಿದ್ದಳು. ಅಮ್ಮ ಬಾಯಿಬಿಟ್ಟು ಹೇಳದಿದ್ದರೂ ಅಬ್ಬಾನ ಕಾಲದಿಂದ ಗುಂಬಜಿಗೆ ಹೋಗದೆ ಬೇರೆಲ್ಲಿಗೂ ಹೋದವರಲ್ಲ. ಇಬ್ಬರು ಹೆಂಗಸರ ಈ ಸಣ್ಣ ಹಟದ ಹಿಂದೆ ಈಗ ಇಡೀ ರಾಜ್ಯದ ಹಟ ಬಂದು ನಿಂತುಬಿಡುತ್ತದೋ ಎಂಬ ಅಳುಕು ನಮಗಿತ್ತು. ಅದನ್ನು ಬಿಡಿಸಿದ್ದು ಗಡಿಯಾರ. ಮಧ್ಯಾಹ್ನ ಗುಡಿಯ ಬಾಗಿಲು ಹಾಕುತ್ತಾರೆ, ಸಂಜೆಯವರೆಗೆ ತೆಗೆಯುವುದಿಲ್ಲ. ಗುಡಿ ಇರುವುದು ದ್ವೀಪದ ಪಶ್ಚಿಮದ ಕೋಟೆಯೊಳಗೆ, ಬಸ್ಸಿಳಿದ ಕಡೆಗೆ ಹತ್ತಿರ. ಗುಂಬಜ್ ಇರುವುದು ಪೂರ್ವದ ಗಂಜಾಮಿನ ಕಡೆ. ಅಲ್ಲಿ ಪಕ್ಕದಲ್ಲೇ ಮಸ್ಜಿದೆ ಅಕ್ಸಾ. ಲುಹರ್ ನಮಾಜಿನ ಹೊತ್ತಿಗೆ ಅಲ್ಲಿದ್ದರೆ ಅಮ್ಮನಿಗೂ ಅನುಕೂಲ, ಪ್ರಯಾಣದಲ್ಲಿರುವವರಿಗೆ ನಮಾಜನ್ನು ಮೊಟಕುಮಾಡುವ ರಿಯಾಯಿತಿಯೂ ಇದೆ. ಹೀಗೆ ಹೇಳಿದಾಗ ಅಮ್ಮ, 'ಬಾಗಿಲು ಹಾಕೋ ದೇವರನ್ನ ಮೊದಲು ನೋಡ್ಲಿ ಬಿಡು, ಮಲಗಿರೋ ಸುಲ್ತಾನ್ ಎಲ್ಲಿಗೆ ಹೋಗ್ತಾರೆ' ಎಂದರು. ಅಕ್ಕ ನಕ್ಕು, 'ನಮ್ಮ ರಂಗನಾಥನೂ ಮಲಗೇ ಅವ್ನಲ್ಲ ಬೂಬಮ್ಮ' ಎಂದಳು.

ನೋಡುವ ಕ್ರಮ ತೀರ್ಮಾನವಾಯಿತು. ಹುಡುಗರಿಗೆ ಹೇಳುವ ಮಾತು ಉಳಿಯಿತು. ನಮ್ಮವನಿಗೆ ಶೃಂಗೇರಿಯ ಪತ್ರಗಳ ಬಗ್ಗೆ ಹೇಳುವುದು ಸುಲಭ. 1791ರಲ್ಲಿ ಮರಾಠರ ಸೈನ್ಯದ ಕಡೆಯವರು ಶೃಂಗೇರಿ ಮಠವನ್ನು ಸೂರೆ ಮಾಡಿದಾಗ ಟಿಪ್ಪು ಜಗದ್ಗುರುಗಳಿಗೆ ಕನ್ನಡದಲ್ಲಿ ಪತ್ರ ಬರೆದು ನೆರವು ಕಳಿಸಿದ. ಆ ಪತ್ರಗಳನ್ನು ಆರ್. ನರಸಿಂಹಾಚಾರ್ಯರು 1916ರಲ್ಲಿ ಬೆಳಕಿಗೆ ತಂದರು. ಇದನ್ನು ನಾವು ಸಭೆಗಳಲ್ಲಿ ಹೇಳುತ್ತೇವೆ, ಹೇಳಬೇಕು ಕೂಡ. ಆದರೆ ನಮ್ಮ ತಾಲ್ಲೂಕಿನ ಆಚೆ ಮಗ್ಗುಲಿಗೆ ಕೊಡಗು ಇದೆ. ಅಲ್ಲಿನ ಜನರನ್ನು ಸಂಸಾರಸಮೇತ ಸೆರೆಹಿಡಿದು ಇದೇ ಶ್ರೀರಂಗಪಟ್ಟಣಕ್ಕೆ ತಂದದ್ದು, ಮತ ಬದಲಿಸಿದ್ದು ಅವರ ಮನೆಗಳಲ್ಲಿ ಇವತ್ತಿಗೂ ಹಸಿಯಾದ ನೆನಪು. 1784ರಲ್ಲಿ ಮಂಗಳೂರು ಕಡೆಯ ಕ್ರೈಸ್ತರನ್ನು ಘಟ್ಟ ಹತ್ತಿಸಿ ನಡೆಸಿಕೊಂಡು ಬಂದದ್ದೂ ಇದೇ ಊರಿಗೆ. ಮೇಲುಕೋಟೆಯ ಮಂಡಯಂ ಅಯ್ಯಂಗಾರರ ಮನೆಗಳಲ್ಲಿ ನರಕಚತುರ್ದಶಿಗೆ ದೀಪ ಹಚ್ಚದೆ ಇರುವುದಕ್ಕೆ ಅವರು ಹೇಳುವ ಕಾರಣವೂ ಆ ಕಾಲದ್ದೇ. ಶೃಂಗೇರಿಯನ್ನು ಹೇಳಿ ಕೊಡಗನ್ನು ನುಂಗಿಕೊಂಡರೆ ಮಗನಿಗೆ ಅರ್ಧ ಊರನ್ನು ತೋರಿಸಿದ ಹಾಗೆ. ಪಕ್ಕದ ಮನೆಯ ಹುಡುಗನಿಗೆ ಫೋನು ಇನ್ನರ್ಧವನ್ನಷ್ಟೇ ತೋರಿಸುತ್ತಿದೆ.

ದಾರಿ ಮತ್ತೆ ಡಬ್ಲಿನ್ನಿನ ಕಡೆಯಿಂದಲೇ ತೆರೆಯಿತು. ಆ ಭಾನುವಾರದ ಕರೆಯಲ್ಲಿ ನಮ್ಮ ಮಗ ಫುಫ್ಫೂವಿನ ಮಗನನ್ನು ಕೇಳಿದ: 'ಭಾಯಿ, ಅಲ್ಲಿಯೋರು ಬ್ರಿಟಿಷರ ಮೇಲೆ ದಂಗೆ ಎದ್ದೋರಲ್ವಾ? ಆ ಕಂಬಾನ ಯಾಕೆ ಕೆಡವಿಲ್ಲ?' ಕೆಡವಿದ್ದೂ ಉಂಟು. ಡಬ್ಲಿನ್ನಿನ ದೊಡ್ಡ ಬೀದಿಯಲ್ಲಿದ್ದ ನೆಲ್ಸನ್ ಎಂಬ ಇಂಗ್ಲಿಷ್ ನೌಕಾಧಿಪತಿಯ ಸ್ತಂಭವನ್ನು 1966ರಲ್ಲಿ ಬಾಂಬಿಟ್ಟು ಉರುಳಿಸಿದರು. ಅದೇ ಜಾಗದಲ್ಲಿ 2003ರಲ್ಲಿ ಯಾರ ಹೆಸರೂ ಇಲ್ಲದ, 120 ಮೀಟರಿನ ಉಕ್ಕಿನ ಸೂಜಿಯೊಂದನ್ನು ನಿಲ್ಲಿಸಿದರು. ಆದರೆ ವೆಲಿಂಗ್ಟನ್ನನ ಕಂಬ ಉಳಿಯಿತು. ಅದರ ನಾಲ್ಕು ಬದಿಗಳಲ್ಲಿ ಒಂದರಲ್ಲಿ ವಾಟರ್‌ಲೂ, ಒಂದರಲ್ಲಿ ಹಿಂದೂಸ್ತಾನದ ಯುದ್ಧ, ಒಂದರಲ್ಲಿ ಧಾರ್ಮಿಕ ಸ್ವಾತಂತ್ರ್ಯ, ಒಂದರಲ್ಲಿ ಬರಹ. ಅವನು ಪ್ರಧಾನಿಯಾಗಿದ್ದಾಗ, 1829ರಲ್ಲಿ, ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆದ ಕಾಯ್ದೆ ಬಂದದ್ದಕ್ಕೆ ಆ ಫಲಕ. ಒಂದು ಬದಿಯಲ್ಲಿ ಅಲ್ಲಿನವರಿಗೆ ಸಿಕ್ಕ ಹಕ್ಕು, ಇನ್ನೊಂದು ಬದಿಯಲ್ಲಿ ನಮ್ಮವರ ಸೋಲು. ಕಂಬ ಒಂದೇ. ಅದರ ಮೆಟ್ಟಿಲ ಮೇಲೆ ಮಕ್ಕಳು ಆಡುತ್ತಿರುವುದು ಫೋನಿನಲ್ಲಿ ಕಂಡಿತು.

ಆಗ ನಮ್ಮ ಜಗಲಿಯಲ್ಲಿ ಪಕ್ಕದ ಮನೆಯ ಹುಡುಗನೂ ಇದ್ದ, ಅಪ್ಪನ ಜೊತೆ ಬಂದು ಮೂಲೆಯಲ್ಲಿ ಕೂತಿದ್ದ. ಮಗಳು ನೋಟು ಪುಸ್ತಕದ ಹಾಳೆಯೊಂದರಲ್ಲಿ ಕಂಬದ ಚಿತ್ರ ಬರೆದು ಇಬ್ಬರ ಮುಂದೆಯೂ ಇಟ್ಟಳು. 'ಟಿಪ್ಪುಗೆ ಇಂಥದ್ದೊಂದು ಕಟ್ಟಿದ್ರೆ ನಾಲ್ಕು ಕಡೆ ಏನೇನು ಹಾಕ್ತೀರಾ?' ಎಂದಳು. ನಮ್ಮವನು ರಾಕೆಟ್ ಎಂದ. ಅವನು ಕೊಡಗು ಎಂದ. ನಮ್ಮವನು ಮುಖ ಗಂಟಿಕ್ಕಿದ. ಮಗಳು ಎರಡನ್ನೂ ಬರೆದಳು. 'ಹಂಗಾದ್ರೆ ಶೃಂಗೇರಿನೂ ಹಾಕು' ಎಂದ ನಮ್ಮವನು. 'ಹಾಕಕ್ಕ' ಎಂದು ಅವನೂ ತಲೆಯಾಡಿಸಿದ. ನಾಲ್ಕನೆಯ ಬದಿಗೆ ಗದ್ದಲವಾಯಿತು. ರೇಷ್ಮೆ ಎಂದು ಅಣ್ಣ ಸೂಚಿಸಿದ. ನಮ್ಮ ಮೈಸೂರು ಸೀಮೆಯಲ್ಲಿ ರೇಷ್ಮೆ ಸಾಕಾಣಿಕೆಗೆ ಟಿಪ್ಪು ಬಂಗಾಳದಿಂದ ಹುಳು ತರಿಸಿ ನೆಲೆ ಹಾಕಿದ್ದು ಅವನಿಗೆ ಗೊತ್ತಿತ್ತು. ಸೆರೆಮನೆ ಎಂದ ಒಬ್ಬ ಹುಡುಗ. ಸತ್ತ ಜಾಗ ಎಂದ ಇನ್ನೊಬ್ಬ. ಕೊನೆಗೆ, ನೋಡಿ ಬಂದ ಮೇಲೆ ಬರೆಯುವುದೆಂದು ಅದನ್ನು ಖಾಲಿ ಬಿಟ್ಟರು. ಆ ಹಾಳೆ ಈಗ ನಮ್ಮ ಪಡಸಾಲೆಯ ಕ್ಯಾಲೆಂಡರಿಗೆ ಸಿಕ್ಕಿಸಿದೆ.

ಅಮ್ಮ ಆ ಹಾಳೆಯನ್ನು ಓದಲಾರರು, ಓದಿಸಿ ಕೇಳಿದರು. ಆಮೇಲೆ ಹೇಳಿದರು: 'ಸುಲ್ತಾನರಿಗೆ ಗೋರಿ ಇದೆ, ಫಾತಿಹಾ ಓದೋರು ಇದ್ದಾರೆ. ಆ ದಿನ ಕೋಟೆ ಬಾಗಿಲಲ್ಲಿ ಸತ್ತೋರು, ಕೊಡಗಿಂದ ಬಂದು ಇಲ್ಲೇ ಮಣ್ಣಾದೋರು, ಅವರಿಗೆ ಯಾರಿದ್ದಾರೆ? ನಾನು ಎಲ್ಲರ ಹೆಸರಲ್ಲಿ ದುವಾ ಮಾಡ್ತೀನಿ.' ಅವರ ಪಟ್ಟಿಗೆ ಇದೂ ಸೇರಿತು. ಇದಕ್ಕೆ ಬೇರೆ ಜಾಗ, ಬೇರೆ ಹೊತ್ತು ಬೇಕಿರಲಿಲ್ಲ.

ದಿನ ಗೊತ್ತು ಮಾಡುವುದೂ ಸಣ್ಣ ಕೆಲಸವಲ್ಲ. ಹತ್ತಿ ಮುಗಿಯಬೇಕು, ರಾಗಿ ಒಕ್ಕಣೆ ಆಗಬೇಕು. ಡಿಸೆಂಬರಿನಲ್ಲಿ ಹನುಮ ಜಯಂತಿಯ ಮೆರವಣಿಗೆಯ ದಿನಗಳಲ್ಲಿ ಪಟ್ಟಣದ ತುಂಬ ಪೊಲೀಸರಿರುತ್ತಾರೆ, ಆ ವಾರ ಬೇಡ. ರಥಸಪ್ತಮಿಗೆ ರಂಗನಾಥನ ತೇರು, ಆ ಜಂಗುಳಿಯಲ್ಲಿ ಅಮ್ಮನ ಮಂಡಿ ತಡೆಯದು. ಸಂಕ್ರಾಂತಿ ಕಳೆದು, ತೇರಿಗೆ ಮೊದಲು ಬರುವ ಒಂದು ಭಾನುವಾರ ಎಂದು ನಿಶ್ಚಯವಾಯಿತು. ಕಾರು ಬಾಡಿಗೆಗೆ ಹಿಡಿಯೋಣವೆಂದು ಅಣ್ಣ ಹೇಳಿದ. ಹೆಂಗಸರು ಒಪ್ಪಲಿಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಇಲ್ಲ. ಆಧಾರ್ ಕಾರ್ಡು ತೋರಿಸಿದರೆ ಸೊನ್ನೆ ಚೀಟಿ. ನಾಲ್ವರು ಹೆಂಗಸರು ಸೊನ್ನೆಯಲ್ಲಿ, ಗಂಡಸರು ಹುಡುಗರು ನಾಲ್ವರು ದುಡ್ಡು ಕೊಟ್ಟು. 'ಕಾರಿನ ದುಡ್ಡಲ್ಲಿ ಅಲ್ಲಿ ಆಟೋ ಮಾಡಿದ್ರಾಯ್ತು' ಎಂದಳು ನಮ್ಮ ಮನೆಯಾಕೆ. ದ್ವೀಪದ ಈ ತುದಿಯಿಂದ ಆ ತುದಿಗೆ ಅಮ್ಮ ನಡೆಯಲಾರರು, ಆಟೋ ಬೇಕೇ ಬೇಕು.

ವಾಪಸ್ಸು ಬರುವ ಹೊತ್ತು ಇನ್ನೂ ಮುಖ್ಯ. ಬೃಂದಾವನದ ದೀಪ ನೋಡಬೇಕೆಂದು ಹುಡುಗರು ಗೋಗರೆದರೂ ಕೈಬಿಡಬೇಕಾಯಿತು. ಕತ್ತಲಾದ ಮೇಲೆ ನಮ್ಮೂರಿನ ಹಾದಿಯಲ್ಲಿ ಆನೆ ಇಳಿಯುತ್ತದೆ. ಐರ್ಲೆಂಡಿನ ಹುಡುಗನಿಗೆ ಇದನ್ನು ಹೇಳಿದಾಗ, 'ನಮ್ಮಲ್ಲಿ ಕೊನೆ ಬಸ್ಸು ತಪ್ಪಿದ್ರೆ ಟ್ಯಾಕ್ಸಿ, ನಿಮ್ಮಲ್ಲಿ ಆನೆ' ಎಂದು ನಕ್ಕ.

ಹಾಗಾಗಿ ಪಟ್ಟಣದಲ್ಲಿ ನಮಗೆ ಸಿಗುವುದು ಐದೂವರೆ ಗಂಟೆ. ಹಾಳೆಯ ಇನ್ನೊಂದು ಮಗ್ಗುಲಲ್ಲಿ ಮಗಳು ದುಂಡಗೆ ಬರೆದಿದ್ದಾಳೆ: ಬೆಳಗಿನ ಮೊದಲ ಬಸ್ಸು, ಕೋಟೆಯ ಮೇಲೆ ಮೈಸೂರು, ಅಲ್ಲಿಂದ ಪಟ್ಟಣ. ಮೊದಲು ರಂಗನಾಥ, ಅದರ ಬಳಿ ಲಾಲ್ ಮಹಲಿನ ತಳಪಾಯ. ಆಮೇಲೆ ಟಿಪ್ಪು ಬಿದ್ದ ಜಾಗ, ಬೇಲಿಯ ಸೆರೆಮನೆ, ಸರಿಸಿದ ಮದ್ದಿನ ಮನೆ. ಕೋಟೆಯ ಪೂರ್ವ ಬಾಗಿಲ ಬಳಿಯ ಜೋಡಿ ಮಿನಾರುಗಳ ಮಸ್ಜಿದೆ ಆಲಾ. ನಂತರ ದರಿಯಾ ದೌಲತ್, ಅಲ್ಲಿನ ತೋಟದ ಮರದ ಕೆಳಗೆ ಊಟ, ಅಮ್ಮಿ ಸುಮ್ಮನೆ ಕೂರುವುದು. ಲುಹರ್‌ಗೆ ಗುಂಬಜ್. ಹೊತ್ತಿದ್ದರೆ ನಿಮಿಷಾಂಬೆ, ಸಂಗಮದಲ್ಲಿ ಕಾಲು ತೊಳೆಯುವುದು ಮಾತ್ರ, ನೀರಿಗೆ ಇಳಿಯಬಾರದು. ಹೋಗುವಾಗಲೋ ಬರುವಾಗಲೋ ವೆಲ್ಲೆಸ್ಲಿ ಸೇತುವೆಯ ಫೋಟೋ, ಡಬ್ಲಿನ್ನಿಗೆ ಕಳಿಸಲು.

ಊಟದ ಮಾತು ಇನ್ನೂ ಮುಗಿದಿಲ್ಲ. ಅಕ್ಕ ಪುಳಿಯೋಗರೆ ತರುತ್ತಾಳಂತೆ, ನಮ್ಮಲ್ಲಿ ಚಪಾತಿ ಮತ್ತು ಬದನೆಕಾಯಿ. ಮೊಟ್ಟೆ ಬೇಯಿಸಿಕೊಳ್ಳಬಹುದೇ ಎಂದು ನಮ್ಮ ಹುಡುಗ ಕೇಳಿದ್ದಾನೆ. ಬೆಳಿಗ್ಗೆ ಗುಡಿಗೆ ಹೋಗುವುದಿದೆ, ಬರುವಾಗ ಮೈಸೂರಿನಲ್ಲಿ ತಿನ್ನೋಣ ಎಂದು ಅವನ ಗೆಳೆಯನೇ ಸಮಾಧಾನ ಹೇಳಿದ್ದಾನೆ. ಬಸ್ಸಿನ ವೇಳೆಯನ್ನು ಮತ್ತೊಮ್ಮೆ ವಿಚಾರಿಸಿಕೊಂಡು ಬರಲು ಇಬ್ಬರನ್ನೂ ಸರಗೂರಿಗೆ ಕಳಿಸಿದ್ದೇವೆ. ಒಂದೇ ಸೈಕಲ್ಲಿನಲ್ಲಿ ಹೋಗಿದ್ದಾರೆ.